ಇಂಗ್ಲಿಷ್ ಕ್ರಿಯಾಪದದ ಗೊಂದಲ ಬಿಡಿಸಿದ್ದು ಹೀಗೆ

ತಂಗಿ ಬಾದಾಮಿಯ ಹೋಟೆಲೊಂದರಲ್ಲಿ ರಿಸೆಪ್ಷನ್ ಕೆಲಸಕ್ಕೆ ಸೇರಿದ್ದಾಳೆ. ಇಂಗ್ಲಿಷ್ ಶಬ್ದಗಳು ಅವಳಿಗೆ ಗೊತ್ತು, ಕಾಲ ಮಾತ್ರ ತಪ್ಪುತ್ತಿತ್ತು. 'ದಿನಾ ಚಹಾ ಕುಡೀತೀನಿ', 'ನಾಳೆ ಕುಡೀತೀನಿ' ಎರಡಕ್ಕೂ ನಮ್ಮಲ್ಲಿ ಒಂದೇ ರೂಪ ಸಾಕು, ಅಲ್ವಾ? ಇಂಗ್ಲಿಷಿನಲ್ಲಿ ರೂಢಿಗೆ 'ಐ ಡ್ರಿಂಕ್', ನಾಳೆಗೆ 'ಐ ವಿಲ್ ಡ್ರಿಂಕ್', ಈಗ ಕುಡಿಯುತ್ತಿದ್ದರೆ 'ಐ ಆಮ್ ಡ್ರಿಂಕಿಂಗ್'.

ಬಾಯಿ ತೆರೆಯುವ ಮೊದಲು 'ಯಾವಾಗ?' ಅಂತ ಕೇಳಿಕೋ ಎಂದೆ. ಅರ್ಧ ಗೊಂದಲ ಅಲ್ಲೇ ಹೋಯಿತು.

ಜಾಸ್ತಿ ಹೊತ್ತು ಹಿಡಿದದ್ದು 'ಹೋಗಿದ್ದಾರೆ'. ಅತಿಥಿ ಗುಹೆ ನೋಡಲು ಹೋಗಿ ಇನ್ನೂ ಬಂದಿಲ್ಲವಾದರೆ 'ಹಿ ಹ್ಯಾಸ್ ಗಾನ್ ಟು ದ ಕೇವ್ಸ್'. ಹಿಂದೆ ಎಂದಾದರೂ ಹೋಗಿ ಬಂದಿದ್ದರೆ 'ಹಿ ಹ್ಯಾಸ್ ಬೀನ್ ಟು ಐಹೊಳೆ'. 'ನಿನ್ನೆ' ಬಂತೋ, 'ಹ್ಯಾಸ್' ಬಿಡಬೇಕು: 'ಹಿ ವೆಂಟ್ ಟು ಐಹೊಳೆ ಯೆಸ್ಟರ್‌ಡೇ'. ಸುಮ್ನೆ ಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ ಈ ವ್ಯತ್ಯಾಸ ಕಲಿಸುವುದೇ ಮುಖ್ಯ ಅಂತ ನನಗನಿಸುತ್ತದೆ.

ಇನ್ನು 'ಹಾಕು'. ಬೀಗಕ್ಕೆ 'ಲಾಕ್', ಫ್ಯಾನಿಗೆ 'ಟರ್ನ್ ಆನ್', ಚಪ್ಪಲಿಗೆ 'ಪುಟ್ ಆನ್'. ಇವನ್ನು ವಸ್ತುವಿನ ಜೊತೆಗೇ ಕಲಿತಳು. ಈಗ 'ಐ ಹ್ಯಾವ್ ಲಾಕ್ಡ್ ಯುವರ್ ರೂಮ್, ಸರ್' ಎಂದು ತಡವರಿಸದೆ ಹೇಳುತ್ತಾಳೆ.