ಸೀಮೆಸುಣ್ಣ ಹಚ್ಚಿ ಗ್ಲವ್ಸ್ ಆರಿಸಿದೆ: ಎಂಎಂಎ ಪ್ರಾಕ್ಟೀಸ್‌ನಲ್ಲಿ ನನ್ನ ಅನುಭವ

ಎರಡು ವರ್ಷದ ಮೇಲೆ ಎರಡು ತಿಂಗಳಾಯಿತು, ನನ್ನ ಬಲಗೈಗೆ ಏನೂ ಆಗಿಲ್ಲ. ವಾರಕ್ಕೆ ಐದು ದಿನ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಹೊಡೆದಾಟದ ಆಟ) ಪ್ರಾಕ್ಟೀಸ್, ಅದರಲ್ಲಿ ಎರಡು ದಿನ ಸ್ಪಾರಿಂಗ್ (ಜೊತೆಗಾರನ ಜೊತೆ ಅಭ್ಯಾಸದ ಹೊಡೆದಾಟ), ನಡುವೆ ಮೂರು ಅಮೆಚೂರ್ ಫೈಟ್. ಅದಕ್ಕೆ ಹಿಂದಿನ ಒಂದೂವರೆ ವರ್ಷದಲ್ಲಿ ಇದೇ ಕೈ ಎರಡು ಸಲ ಕೆಟ್ಟು ಕೂತಿತ್ತು. ನನ್ನ ಪಂಚ್ ಬದಲಾಗಲಿಲ್ಲ. ಗ್ಲವ್ಸ್ ಆರಿಸುವ ರೀತಿ ಬದಲಾಯಿತು, ಅಷ್ಟೇ. ಸೀಮೆಸುಣ್ಣ ಹಚ್ಚಿ ಗ್ಲವ್ಸ್ ಪರೀಕ್ಷೆ ಮಾಡ್ತೀನಿ ಅಂದಾಗ ಜಿಮ್‌ನಲ್ಲಿ ಒಬ್ಬರೂ ಒಪ್ಪಲಿಲ್ಲ. "ಹದಿನಾರು ಔನ್ಸ್ ಅಂದ್ರೆ ಹದಿನಾರು ಔನ್ಸ್, ಅದರಲ್ಲಿ ನೋಡೋದೇನಿದೆ?" ಅಂದರು. ಔನ್ಸ್ ಅಂದರೆ ಒಂದೊಂದು ಗ್ಲವ್ಸ್‌ನ ತೂಕ. ಈಗ ಅವರಲ್ಲೇ ನಾಲ್ಕು ಜನ ಹೊಸ ಜೊತೆ ತಂದರೆ ಮೊದಲು ನನ್ನ ಕೈಗೆ ಕೊಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಆ ಒಂದೂವರೆ ವರ್ಷದಲ್ಲಿ ಐದು ಜೊತೆ ತೆಗೆದುಕೊಂಡೆ. ಮೊದಲನೆಯದು ನಾಲ್ಕು ಔನ್ಸಿನದು. ಫೈಟ್‌ಗಳಲ್ಲಿ ನೋಡುವ ಗ್ಲವ್ಸ್ ಅದೇ ಅಲ್ವಾ, ಎಲ್ಲಕ್ಕೂ ಅದೇ ಸಾಕು ಅಂದುಕೊಂಡೆ. ತೂಗುಹಾಕಿದ ಗುದ್ದುವ ಬ್ಯಾಗ್‌ಗೂ ಅದೇ, ಕೋಚ್ ಕೈಯಲ್ಲಿ ಹಿಡಿಯುವ ಪ್ಯಾಡ್‌ಗೂ ಅದೇ, ಸ್ಪಾರಿಂಗ್‌ಗೂ ಅದೇ. ಮೂರನೇ ತಿಂಗಳಲ್ಲಿ ಜೊತೆಗಾರನ ಹುಬ್ಬು ಒಡೆಯಿತು, ನನ್ನ ಗೆಣ್ಣುಗಳು ಊದಿಕೊಂಡವು. ಎರಡನೆಯದು ಅಗ್ಗದ ಸಿಂಥೆಟಿಕ್ ಹದಿನಾರು ಔನ್ಸ್. ಅದರ ಕಥೆ ದೊಡ್ಡದು, ಮುಂದೆ ಹೇಳುತ್ತೇನೆ. ಮೂರನೆಯದು ಏಳು ಔನ್ಸಿನ ಬೆರಳು ತೆರೆದ ಗ್ಲವ್ಸ್, ಆನ್‌ಲೈನ್‌ನಲ್ಲಿ ತರಿಸಿದ್ದು. ಸೈಜ್ ದೊಡ್ಡದಾಯಿತು. ಒಳಗೆ ಕೈ ಜಾರುತ್ತಿತ್ತು, ಬೆರಳುಗಳು ನೆಟ್ಟಗೇ ನಿಲ್ಲುತ್ತಿದ್ದವು. ಒಂದು ದಿನ ಜಾಬ್ (ಮುಂದಿನ ಕೈಯ ನೇರ ಪಂಚ್) ಹಾಕಿ ಕೈ ಹಿಂದಕ್ಕೆ ಎಳೆಯುವಾಗ ಬೆರಳು ಜೊತೆಗಾರನ ಕಣ್ಣಿಗೆ ತಾಗಿತು. ಮೂರು ದಿನ ಅವನ ಕಣ್ಣು ಕೆಂಪಗಿತ್ತು. ಆ ಮೂರು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆ ಜೊತೆಯನ್ನು ಮತ್ತೆ ಮುಟ್ಟಲಿಲ್ಲ. ನಾಲ್ಕನೆಯದು ಒಳ್ಳೆ ಚರ್ಮದ್ದು, ಆದರೆ ಒಳಗೆ ಕೈಗೆ ಸುತ್ತುವ ಬಟ್ಟೆಪಟ್ಟಿ, ಅಂದರೆ ರ‍್ಯಾಪ್ ಇಲ್ಲದೆ ಹಾಕಿ ನೋಡಿ ತಂದಿದ್ದೆ. ರ‍್ಯಾಪ್ ಸುತ್ತಿದ ಮೇಲೆ ಎರಡನೇ ರೌಂಡಿಗೆ ಬೆರಳು ಜೋಮು ಹಿಡಿಯುತ್ತಿತ್ತು. ಐದನೆಯದು ಎರಡನೆಯದರ ಹಾಗೇ ಇತ್ತು, ಬಣ್ಣ ಮಾತ್ರ ಬೇರೆ.

ಐದಕ್ಕೂ ಸೇರಿ ಹೆಚ್ಚುಕಡಿಮೆ ಎಂಟು ತಿಂಗಳ ಜಿಮ್ ಫೀಸಿನಷ್ಟು ದುಡ್ಡು. ಅದರ ಮೇಲೆ ಎಕ್ಸ್‌ರೇ, ಡಾಕ್ಟರು, ಮತ್ತೆ ಫೀಸ್ ಕಟ್ಟಿಯೂ ಹೋಗಲಾಗದ ದಿನಗಳು. ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು.

ಕೈ ಮುರಿದದ್ದು ಆ ಎರಡನೇ ಜೊತೆಯಲ್ಲಿ. ಬ್ಯಾಗ್ ಮೇಲೆ ನಾಲ್ಕನೇ ರೌಂಡು, ಬಲಗೈ ಓವರ್‌ಹ್ಯಾಂಡ್, ಮೇಲಿಂದ ಬೀಸುವ ಪಂಚ್. ಶಬ್ದವೇನೂ ಬರಲಿಲ್ಲ. ಕಿರುಬೆರಳಿನ ಹಿಂದೆ ಬಿಸಿನೀರು ಸುರಿದ ಹಾಗಾಯಿತು. ಗ್ಲವ್ಸ್ ಬಿಚ್ಚಿ ಮುಷ್ಟಿ ಕಟ್ಟಿದರೆ ಕಿರುಬೆರಳಿನ ಗೆಣ್ಣು ಕಾಣಿಸಲೇ ಇಲ್ಲ, ಒಳಕ್ಕೆ ಕುಸಿದಿತ್ತು. ಡಾಕ್ಟರು ಎಕ್ಸ್‌ರೇ ಹಿಡಿದು ಮೊದಲು ಕೇಳಿದ್ದು, "ಗೋಡೆಗೆ ಹೊಡೆದ್ರಾ?" ಸಿಟ್ಟಿನಲ್ಲಿ ಗೋಡೆಗೆ ಗುದ್ದುವವರಿಗೆ ಮುರಿಯುವುದು ಇದೇ ಮೂಳೆಯಂತೆ. ಆರು ವಾರ ಪಟ್ಟಿ.

ಆ ಆರು ವಾರ ಸುಮ್ನೆ ಕೂತು ಎಡಗೈ ಮುಷ್ಟಿ ಕಟ್ಟಿ ಬಿಚ್ಚಿ ನೋಡುತ್ತಿದ್ದೆ. ನೀವೂ ಮಾಡಿ ನೋಡಿ. ಮುಷ್ಟಿ ಸ್ವಲ್ಪ ಸಡಿಲ ಬಿಟ್ಟು, ಕಿರುಬೆರಳಿನ ಗೆಣ್ಣನ್ನು ಇನ್ನೊಂದು ಕೈಯಿಂದ ಒತ್ತಿ. ಅಲ್ಲಾಡುತ್ತದೆ. ತೋರುಬೆರಳು, ನಡುಬೆರಳಿನ ಗೆಣ್ಣು ಒತ್ತಿದರೆ ಕದಲುವುದೇ ಇಲ್ಲ. ಏಟು ಆ ಎರಡು ಗೆಣ್ಣಿನ ಮೇಲೆ ಬೀಳಬೇಕು ಅನ್ನುವುದು ನಮಗೆಲ್ಲ ಮೊದಲ ದಿನದಿಂದ ಗೊತ್ತಿರುವ ಮಾತು. ಆದರೆ ಗ್ಲವ್ಸ್ ಹಾಕಿದ ಮೇಲೆ ಅದು ಎಲ್ಲಿ ಬೀಳುತ್ತಿದೆ ಅಂತ ಯಾರು ನೋಡುತ್ತಾರೆ? ನಾನೂ ನೋಡಿರಲಿಲ್ಲ.

ಪಟ್ಟಿ ಬಿಚ್ಚಿ ಒಂದು ತಿಂಗಳಾದ ಮೇಲೆ ಸೀಮೆಸುಣ್ಣ ತಂದೆ. ನೀಲಿ ಒಂದು, ಬಿಳಿ ಒಂದು. ರ‍್ಯಾಪ್ ಸುತ್ತಿ ಗ್ಲವ್ಸ್ ಹಾಕಿ, ಹೊರಗಿನಿಂದ ಒತ್ತಿ ಒಳಗೆ ಗೆಣ್ಣು ಎಲ್ಲಿದೆ ಅಂತ ಹುಡುಕಿದೆ. ಮೊದಲೆರಡು ಗೆಣ್ಣಿನ ನೇರಕ್ಕೆ ನೀಲಿ, ಕೊನೆಯೆರಡರ ನೇರಕ್ಕೆ ಬಿಳಿ. ಕಪ್ಪು ಬ್ಯಾಗ್ ಮೇಲೆ ಇಪ್ಪತ್ತು ನೇರ ಪಂಚ್, ಅರ್ಧ ಬಲದಲ್ಲಿ. ಒಂದೊಂದು ಪಂಚ್ ಆದ ಮೇಲೂ ಗುರುತು ನೋಡಿ ಒರೆಸಬೇಕು. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ. ಆ ಅಗ್ಗದ ಜೊತೆಯಲ್ಲಿ ಇಪ್ಪತ್ತರಲ್ಲಿ ಹದಿಮೂರೋ ಹದಿನಾಲ್ಕೋ ಬಿಳಿ ಬಿತ್ತು. ಜೊತೆಗಾರನ ಹಳೇ ಚರ್ಮದ ಗ್ಲವ್ಸ್ ಹಾಕಿ, ಅದೇ ಬ್ಯಾಗ್, ಅದೇ ಕೈ. ಹದಿನೇಳು ನೀಲಿ.

ಕೋಚ್ ದೂರದಿಂದ ನೋಡುತ್ತಿದ್ದರು. ಮೊದಲು ಬೈದಿದ್ದವರೇ ಅವರು. "ನಿನ್ನ ಮಣಿಕಟ್ಟು ಸೋಲುತ್ತಿದೆ, ತಪ್ಪನ್ನ ಗ್ಲವ್ಸ್ ಮೇಲೆ ಹಾಕಬೇಡ." "ಸರ್, ಎರಡೂ ನೀವೇ ಹಾಕಿ ಹೊಡೆದು ನೋಡಿ" ಅಂದೆ. ಅವರು ಹೊಡೆದರು. ಅಗ್ಗದ ಜೊತೆಯಲ್ಲಿ ಅವರದೂ ಅರ್ಧದಷ್ಟು ಬಿಳಿ. ಹನ್ನೆರಡು ವರ್ಷದಿಂದ ಪ್ಯಾಡ್ ಹಿಡಿಯುವ ಮನುಷ್ಯ. ಏನೂ ಹೇಳದೆ ಆ ಗ್ಲವ್ಸನ್ನು ತಿರುಗಿಸಿ ತಿರುಗಿಸಿ ನೋಡಿದರು.

ಕಾರಣ ಮುಷ್ಟಿ. ಆ ಗ್ಲವ್ಸ್‌ನ ಫೋಮ್ ಅಂಗೈ ಕಡೆಗೆ ಬಾಗುತ್ತಲೇ ಇರಲಿಲ್ಲ. ಬೆರಳು ಮಡಚಲು ಅದರ ಜೊತೆ ಗುದ್ದಾಡಬೇಕು. ಒಂದು ರೌಂಡ್ ಗುದ್ದಾಡಬಹುದು. ಮೂರನೇ ರೌಂಡಿಗೆ ಮುಂಗೈ ಸೋಲುತ್ತದೆ, ಮುಷ್ಟಿ ಅರ್ಧ ತೆರೆದುಕೊಳ್ಳುತ್ತದೆ, ಏಟು ಕಿರುಬೆರಳಿನ ಕಡೆ ಸರಿಯುತ್ತದೆ. ಹಾಗಾಗಿ ಈ ಪರೀಕ್ಷೆಯನ್ನು ಕೈ ತಾಜಾ ಇದ್ದಾಗ ಮಾಡಬೇಡಿ. ಮೂರು ರೌಂಡ್ ಆದ ಮೇಲೆ ಮಾಡಿ. ಇದು ನನಗೆ ತಿಳಿಯಲು ಒಂದು ಜೊತೆಯ ದುಡ್ಡು ಹೋಯಿತು. ಆ ಐದನೇ ಜೊತೆ ಇದೆಯಲ್ಲ, ಅದು ಮೊದಲ ರೌಂಡಿನಲ್ಲಿ ಚೆನ್ನಾಗೇ ಪಾಸಾಗಿತ್ತು.

ಆಮೇಲೆ ಮೂರು ಜೊತೆಗೆ ಬಂದು ನಿಂತೆ. ಗಟ್ಟಿ ಸ್ಪಾರಿಂಗ್‌ಗೆ ಹದಿನಾರು ಔನ್ಸಿನ ಚರ್ಮದ ಬಾಕ್ಸಿಂಗ್ ಗ್ಲವ್ಸ್. ಟೇಕ್‌ಡೌನ್ (ಎದುರಾಳಿಯನ್ನು ನೆಲಕ್ಕೆ ಕೆಡವುವುದು) ಸೇರಿದ ಸ್ಪಾರಿಂಗ್‌ಗೆ ಏಳು ಔನ್ಸ್, ಹೆಬ್ಬೆರಳಿಗೆ ಪ್ಯಾಡ್ ಇರುವುದು. ಫೈಟ್ ಹತ್ತಿರ ಬಂದಾಗ ನಾಲ್ಕು ಔನ್ಸ್, ಅದು ಪ್ಯಾಡ್ ಹೊಡೆಯಲು ಮತ್ತು ನೆಲದ ಮೇಲೆ ಸೆಣಸುವ ಕೆಲಸಕ್ಕೆ ಮಾತ್ರ. ದುಡ್ಡನ್ನೂ ಅದೇ ಲೆಕ್ಕದಲ್ಲಿ ಹಂಚಿದೆ. ಅರ್ಧಕ್ಕಿಂತ ಜಾಸ್ತಿ ಹದಿನಾರು ಔನ್ಸಿಗೆ, ಯಾಕೆಂದರೆ ಅದರ ಮುಂದೆ ಇನ್ನೊಬ್ಬರ ಮುಖ ಇರುತ್ತದೆ. ನಾಲ್ಕು ಔನ್ಸಿಗೆ ಎಲ್ಲಕ್ಕಿಂತ ಕಡಿಮೆ. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಫೈಟ್ ಗ್ಲವ್ಸ್‌ಗೆ ದುಡ್ಡು ಸುರಿದು, ಸ್ಪಾರಿಂಗ್‌ಗೆ ಜಿಮ್‌ನ ಹಳೇ ಗ್ಲವ್ಸ್ ಹಾಕುತ್ತಾರೆ. ಮೂರಕ್ಕೂ ಸೇರಿ ನನಗೆ ಆರು ತಿಂಗಳ ಫೀಸಿನಷ್ಟಾಯಿತು. ಎರಡು ವರ್ಷದಲ್ಲಿ ಅದರಾಚೆ ಖರ್ಚು ರ‍್ಯಾಪ್‌ಗೆ ಮಾತ್ರ.

ಇದಕ್ಕೂ ತಕರಾರು ಬಂತು. ಹದಿನಾರು ಔನ್ಸಿನಲ್ಲಿ ಗಾರ್ಡ್ ಕಲಿತರೆ ನಾಲ್ಕು ಔನ್ಸಿನ ಫೈಟ್‌ನಲ್ಲಿ ಒದೆ ತಿನ್ನುತ್ತೀಯ ಅಂದರು. ಅದರಲ್ಲಿ ನಿಜ ಇದೆ. ದೊಡ್ಡ ಗ್ಲವ್ಸ್ ಮುಖದ ಮುಂದೆ ಹಿಡಿದರೆ ಗೋಡೆ ಕಟ್ಟಿದ ಹಾಗೆ. ಚಿಕ್ಕದರಲ್ಲಿ ಅದೇ ಗಾರ್ಡ್ ಹಿಡಿದರೆ ಏಟು ಸಂದಿಯಲ್ಲಿ ತೂರಿ ಬರುತ್ತದೆ. ನಾನು ಮಾಡಿದ್ದಿಷ್ಟು. ಫೈಟ್‌ಗೆ ನಾಲ್ಕು ವಾರ ಇರುವಾಗಿನಿಂದ ಮೂರು ಸ್ಪಾರಿಂಗ್‌ನಲ್ಲಿ ಒಂದನ್ನು ಏಳು ಔನ್ಸಿನಲ್ಲಿ, ಬಲ ಇಳಿಸಿ, ತಲೆ ಆಡಿಸುವುದಕ್ಕೇ ಅಂತ ಇಟ್ಟೆ. ಕೈ ಮುರಿದ ಮೇಲಿನ ಮೂರು ಫೈಟ್‌ನಲ್ಲಿ ಎರಡು ಗೆದ್ದೆ. ಸೋತದ್ದು ಕಾಲಿನ ಏಟಿಗೆ.

ನೆಲದ ಮೇಲೆ ಬೇರೆಯೇ ಲೆಕ್ಕ. ನನ್ನ ಮೊಟ್ಟಮೊದಲ ಫೈಟ್‌ನಲ್ಲಿ ಎದುರಾಳಿಯ ಬೆನ್ನು ಸಿಕ್ಕಿತ್ತು, ಎರಡೂ ಹುಕ್ (ಅವನ ತೊಡೆಗೆ ಒಳಗಿನಿಂದ ಕೊಕ್ಕೆ ಹಾಕಿದ ನನ್ನ ಪಾದಗಳು) ಒಳಗಿದ್ದವು. ಬರಿಗೈಯಲ್ಲಿ ನೂರು ಸಲ ಹಾಕಿದ, ಕತ್ತು ಅದುಮುವ ಚೋಕ್. ಅವತ್ತು ಗ್ಲವ್ಸ್‌ನ ಅಂಚು ಅವನ ದವಡೆಗೆ ಸಿಕ್ಕಿಕೊಂಡಿತು, ಕೈ ಗದ್ದದ ಕೆಳಗೆ ಹೋಗಲೇ ಇಲ್ಲ. ಅಂಗೈ ತಲೆಯ ಹಿಂದೆ ಜಾರಿಸಬೇಕಾದ ಇನ್ನೊಂದು ಕೈಯೂ ಅಲ್ಲೇ ತಡೆಯಿತು. ಪಾಯಿಂಟ್‌ನಲ್ಲಿ ಸೋತೆ. ಈಗ ಯಾವುದೇ ಬೆರಳು ತೆರೆದ ಜೊತೆ ಹಾಕಿದ ಕೂಡಲೇ ನನ್ನ ಗದ್ದ ಎದೆಗೆ ಒತ್ತಿ, ಅದರ ಕೆಳಗೆ ನನ್ನದೇ ಕೈ ತೂರಿಸಿ ನೋಡುತ್ತೇನೆ. ಬೆರಳು ನೆಟ್ಟಗೆ ಮಾಡಿ, ಕೈ ಚಪ್ಪಟೆ ಮಾಡಿ. ಗೆಣ್ಣಿನ ಮೇಲಿನ ಪ್ಯಾಡ್ ಇಳಿಜಾರಾಗಿ ಮುಗಿದಿದ್ದರೆ ಜಾರುತ್ತದೆ, ಮೆಟ್ಟಿಲಿನ ಹಾಗೆ ಥಟ್ಟನೆ ನಿಂತಿದ್ದರೆ ಸಿಕ್ಕಿಕೊಳ್ಳುತ್ತದೆ. ಬೆರಳ ಸಂದಿಯ ಹೊಲಿಗೆಯನ್ನೂ ಆಗಲೇ ನೋಡಿ. ದಪ್ಪ ಹೊಲಿಗೆ ಇದ್ದರೆ ಹತ್ತು ನಿಮಿಷದ ಗ್ರಾಪ್ಲಿಂಗ್‌ಗೆ (ಹಿಡಿದು ಸೆಣಸುವುದಕ್ಕೆ) ಸಂದಿ ಕುಯ್ಯುತ್ತದೆ.

ಫೈಟ್ ದಿನದ ಒಂದು ಮಾತು. ಗ್ಲವ್ಸ್ ಸಾಮಾನ್ಯವಾಗಿ ಫೈಟ್ ನಡೆಸುವವರೇ ಕೊಡುತ್ತಾರೆ, ನಮ್ಮ ಕೈಯಲ್ಲಿರುವುದು ಸೈಜ್ ಹೇಳುವುದು ಮಾತ್ರ. ನನ್ನ ಸೈಜ್ ಮೀಡಿಯಂ. ಆ ಮೊದಲ ಫೈಟ್‌ನಲ್ಲಿ ಧೈರ್ಯವಾಗಿ ಮೀಡಿಯಂ ಅಂದೆ. ಗಾಜ್ ಬಟ್ಟೆ, ಟೇಪ್ ಸುತ್ತಿದ ಕೈ ದಿನದ ರ‍್ಯಾಪ್ ಸುತ್ತಿದ ಕೈಗಿಂತ ದಪ್ಪ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ. ಮುಷ್ಟಿ ಪೂರ್ತಿ ಮುಚ್ಚದೆ ಒಳಗೆ ಹೋದೆ. ಕೈ ಕೆಟ್ಟ ಎರಡು ಸಲದಲ್ಲಿ ಒಂದು ಅವತ್ತೇ, ಉಂಗುರ ಬೆರಳಿನ ಗೆಣ್ಣು. ಈಗ ಫೈಟ್‌ಗೆ ಎರಡು ವಾರ ಮುಂಚೆ ಕೋಚ್ ಹತ್ತಿರ ಪೂರ್ತಿ ಟೇಪ್ ಹಾಕಿಸಿಕೊಂಡು, ಗೆಣ್ಣಿನ ಸುತ್ತಳತೆ ಅಳತೆಯ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳುತ್ತೇನೆ. ನನಗೆ ಸುಮಾರು ಒಂದೂವರೆ ಸೆಂಟಿಮೀಟರ್ ಜಾಸ್ತಿ ಬರುತ್ತದೆ. ಅಂದರೆ ಲಾರ್ಜ್.

ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆ ಯುಎಫ್‌ಸಿಯಲ್ಲಿ ಗ್ಲವ್ಸ್ ಕಡ್ಡಾಯ ಆದದ್ದೇ 1997ರಲ್ಲಿ. 1993ರಲ್ಲಿ ಶುರುವಾದಾಗ ಬರಿಗೈಯಲ್ಲೂ ಹೊಡೆದಾಡಬಹುದಿತ್ತು. 2024ರ ಜೂನ್‌ನಲ್ಲಿ ಅವರು ಹೊಸ ವಿನ್ಯಾಸ ತಂದರು. ಬೆರಳು ಮುಂದಕ್ಕೆ ಬಾಗಿರುವಂಥದ್ದು, ಕಣ್ಣಿಗೆ ಬೆರಳು ಚುಚ್ಚುವುದು ಕಡಿಮೆಯಾಗಲಿ ಅಂತ. ಅದೇ ವರ್ಷದ ಕೊನೆಯೊಳಗೆ ಅದನ್ನು ಬಿಟ್ಟು ಹಳೇ ಗ್ಲವ್ಸ್‌ಗೇ ವಾಪಸ್ ಹೋದರು. ನನಗೆ ಬಾಗಿದ ಬೆರಳೇ ಇಷ್ಟ. ಜೊತೆಗಾರನ ಆ ಕೆಂಪು ಕಣ್ಣು ಇನ್ನೂ ಮರೆತಿಲ್ಲ. ನನ್ನ ಏಳು ಔನ್ಸಿನ ಜೊತೆ ಹಾಗೇ ಬಾಗಿದ್ದು, ಕೈ ಸಡಿಲ ಬಿಟ್ಟರೂ ಬೆರಳು ಮುಂದಕ್ಕೆ ನೆಟ್ಟಗೆ ನಿಲ್ಲುವುದಿಲ್ಲ.

ಕೆಲವು ಬೇರೆ ಪ್ರಯೋಗಗಳನ್ನೂ ಮಾಡಿದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಹದಿನಾರು ಔನ್ಸ್ ಅಂದರೆ ಒಂದು ಕೈಗೆ ಸುಮಾರು 450 ಗ್ರಾಂ ಇರಬೇಕು. ಆ ಅಗ್ಗದ ಜೊತೆಯಲ್ಲಿ ಒಂದು 425ರ ಹತ್ತಿರ, ಇನ್ನೊಂದು 470 ಮುಟ್ಟಿತ್ತು. ಚರ್ಮದ್ದು ಐದಾರು ಗ್ರಾಂ ವ್ಯತ್ಯಾಸ, ಅಷ್ಟೇ. ಪ್ರಾಕ್ಟೀಸ್ ಆದ ಕೂಡಲೇ ತೂಗಿದರೆ ಬೆವರಿಗೇ ನಲವತ್ತು ಗ್ರಾಂ ಏರಿತ್ತು. ಅಷ್ಟು ನೀರು ಒಳಗೆ ಕೂತರೆ ವಾಸನೆ ಬರದೆ ಇನ್ನೇನು? ಬಿಸಿಲಿಗೆ ಇಟ್ಟು ಒಂದು ಜೊತೆಯ ಚರ್ಮ ಬಿರುಕು ಬಿಡಿಸಿಕೊಂಡೆ. ಈಗ ಬಾಯಿ ಅಗಲಿಸಿ, ಹಳೇ ಪೇಪರ್ ತುರುಕಿ, ಫ್ಯಾನಿನ ಮುಂದೆ ಇಡುತ್ತೇನೆ. ಒಂದು ಗಂಟೆ ಬಿಟ್ಟು ಪೇಪರ್ ಬದಲಿಸಬೇಕು, ಇಲ್ಲದಿದ್ದರೆ ಅದೇ ತೇವ ಹಿಡಿದು ಕೂರುತ್ತದೆ. ಜಿಮ್ ಬ್ಯಾಗಿನೊಳಗೆ ರಾತ್ರಿ ಬಿಡುವುದಂತೂ ಇಲ್ಲವೇ ಇಲ್ಲ. ಮಣಿಕಟ್ಟಿಗೆ ಹುಳುಕಡ್ಡಿ ಹತ್ತಿ ಮೂರು ವಾರ ಮ್ಯಾಟ್‌ನಿಂದ ದೂರ ಇದ್ದವನು ನಾನು.

ಸತ್ತ ಗ್ಲವ್ಸ್ ಒಂದನ್ನು ಬ್ಲೇಡಿನಲ್ಲಿ ಸೀಳಿಯೂ ನೋಡಿದೆ. ಮೂರು ಪದರ ಫೋಮ್. ಮೇಲಿನದು ಗಟ್ಟಿ, ಕೈಗೆ ತಾಗುವುದು ಮೆತ್ತಗೆ, ಎರಡೂ ಚೆನ್ನಾಗಿದ್ದವು. ನಡುವಿನದು ಗೆಣ್ಣಿನ ಜಾಗದಲ್ಲಿ ಹಿಟ್ಟಾಗಿ ಉದುರಿತು. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇತ್ತು. ಅವತ್ತಿನಿಂದ ತಿಂಗಳಿಗೊಮ್ಮೆ ಹೆಬ್ಬೆರಳಿನಲ್ಲಿ ಗೆಣ್ಣಿನ ಜಾಗ ಒತ್ತಿ ಬಿಡುತ್ತೇನೆ. ಕೂಡಲೇ ಮೇಲೆ ಬಂದರೆ ಸರಿ. ಗುಳಿ ಎರಡು ಮೂರು ಎಣಿಸುವವರೆಗೆ ಉಳಿದರೆ ಅದು ಇನ್ನು ಬ್ಯಾಗ್‌ಗೆ, ಮುಖಕ್ಕಲ್ಲ.

ಹೊಸ ಚರ್ಮದ ಜೊತೆಯ ಅಂಗೈಯನ್ನು ಹತ್ತು ದಿನದಲ್ಲಿ ಮುಷ್ಟಿಗೆ ಒಗ್ಗಿಸುವ ಒಂದು ವಿಧಾನ ನನ್ನ ಹತ್ತಿರ ಇದೆ. ರ‍್ಯಾಪ್ ಅನ್ನು ಕಿರುಬೆರಳಿನ ಕಡೆ ಒಂದು ಸುತ್ತು ಬೇರೆ ಥರ ತಿರುಗಿಸುವುದೂ ಇದೆ. ಅವೆರಡು ನಮ್ಮ ಜಿಮ್‌ನ ಹುಡುಗರಿಗೆ ಮಾತ್ರ, ಕೇಳಬೇಡಿ.

ಹೋದ ವಾರ ಕೋಚ್ ಹೊಸದಾಗಿ ಸೇರಿದ ಹುಡುಗಿಯ ಗ್ಲವ್ಸ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಚಿಕ್ಕ ಕೈ, ಅವಳಿಗೆ ಯಾರೋ ಗಂಡಸರ ಸೈಜ್ ಕೊಡಿಸಿದ್ದರು. "ಸೀಮೆಸುಣ್ಣ ಎಲ್ಲಿದೆ?" ಅಂತ ಕೇಳಿದರು. ಇಪ್ಪತ್ತರಲ್ಲಿ ಹನ್ನೊಂದು ಬಿಳಿ. ಅವತ್ತೇ ವಾಪಸ್ ಕಳಿಸಿದೆವು.