ಆಳಂದ ತಾಲ್ಲೂಕಿನಲ್ಲಿ ಗಂಟಲ ದ್ರವ ಸಂಗ್ರಹಿಸಿದ ನನ್ನ ಅನುಭವ

ಕೋವಿಡ್ ಪರೀಕ್ಷೆಯ ಮಾತು ಬಂದಾಗಲೆಲ್ಲ ಜನರು ಯಂತ್ರದ ಬಗ್ಗೆಯೇ ಮಾತನಾಡುತ್ತಾರೆ. ಆ ಲ್ಯಾಬಿನ ವರದಿ ಖಚಿತ, ಈ ಲ್ಯಾಬಿನದು ನಂಬುವಂತಿಲ್ಲ ಎಂದು ವಾದಿಸುತ್ತಾರೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿ ಮೂರೂ ಅಲೆಗಳಲ್ಲಿ ಗಂಟಲ ದ್ರವ ಸಂಗ್ರಹಿಸಿದ ನನ್ನ ಅಭಿಪ್ರಾಯ ಬೇರೆ. ವರದಿ ಸರಿಯಾಗಿ ಬರುವುದೋ ಕೆಡುವುದೋ ಎಂಬುದು ಬಹುಮಟ್ಟಿಗೆ ಮಾದರಿ ತೆಗೆಯುವ ಕುರ್ಚಿಯ ಬಳಿಯೇ, ಅಂದರೆ ಡಬ್ಬಿ ಜಿಲ್ಲಾ ಕೇಂದ್ರಕ್ಕೆ ಹೊರಡುವ ಮೊದಲೇ, ತೀರ್ಮಾನವಾಗಿರುತ್ತದೆ.

ದೇಶದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಸಾವು ಕಲಬುರಗಿಯದು ಎಂಬುದನ್ನು ಈ ಭಾಗದವರು ಯಾರೂ ಮರೆತಿಲ್ಲ. ಸೌದಿ ಅರೇಬಿಯಾದಿಂದ 2020ರ ಫೆಬ್ರುವರಿ 29ರಂದು ಹಿಂದಿರುಗಿದ್ದ 76 ವರ್ಷದ ಹಿರಿಯರು ಮಾರ್ಚ್ 10ರಂದು ತೀರಿಕೊಂಡರು. ಅವರ ಮಾದರಿಯನ್ನು ಹಿಂದಿನ ದಿನವೇ ಇಲ್ಲಿ ತೆಗೆಯಲಾಗಿತ್ತು, ಆದರೆ ಪರೀಕ್ಷೆಗೆ ಅದು ಬೆಂಗಳೂರಿಗೆ ಹೋಗಬೇಕಾಯಿತು. ಸೋಂಕು ಖಚಿತವಾದ ಸುದ್ದಿ ಬಂದದ್ದು 12ರಂದು, ಅಂದರೆ ಅಂತ್ಯಕ್ರಿಯೆ ಮುಗಿದ ಮೇಲೆ. ಸುಮಾರು 600 ಕಿಲೋಮೀಟರ್ ದೂರದ ಊರಿನ ವರದಿಗಾಗಿ ಕಾಯುವುದೆಂದರೆ ಏನೆಂಬುದು ಆ ವಾರದಲ್ಲಿ ಜಿಲ್ಲೆಗೆಲ್ಲ ಅರ್ಥವಾಯಿತು. ಬಳಿಕ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್‌ನಲ್ಲಿಯೇ ಆರ್‌ಟಿ-ಪಿಸಿಆರ್ ಪರೀಕ್ಷೆ ಆರಂಭವಾದಾಗ ನಮ್ಮಂಥವರ ಕೆಲಸದ ಸ್ವರೂಪ ಬದಲಾಯಿತು. ಮಾದರಿ ಈಗ ಒಂದೂವರೆ ಗಂಟೆಯ ದಾರಿಯಲ್ಲಿ ಲ್ಯಾಬ್ ತಲುಪುತ್ತಿತ್ತು, ಹಾಗಾಗಿ ಅದನ್ನು ಕೆಡದಂತೆ ತೆಗೆದು ಕೆಡದಂತೆ ಮುಟ್ಟಿಸುವ ಹೊಣೆ ತಾಲ್ಲೂಕಿನ ಮೇಲೆ ಬಿತ್ತು.

ಅಲ್ಲಿಯವರೆಗೆ ನನ್ನ ದಿನಚರಿಯೆಂದರೆ ಮಲೇರಿಯಾಕ್ಕೆ ರಕ್ತಲೇಪನ, ಗರ್ಭಿಣಿಯರ ಹಿಮೋಗ್ಲೋಬಿನ್, ಕ್ಷಯಕ್ಕೆ ಕಫ ಪರೀಕ್ಷೆ. ಕಫದ ಕೆಲಸ ಮಾಡಿದವರಿಗೆ ಒಂದು ಪಾಠ ಮೊದಲೇ ಗೊತ್ತಿರುತ್ತದೆ. ಡಬ್ಬಿಯಲ್ಲಿ ಉಗುಳು ತಂದುಕೊಟ್ಟರೆ ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಿದ್ದರೂ ಕಾಯಿಲೆ ಕಾಣುವುದಿಲ್ಲ, ಎದೆಯಾಳದಿಂದ ಕೆಮ್ಮಿ ತೆಗೆದ ಕಫವೇ ಬೇಕು. ಮೂಗಿನಿಂದ ಮಾದರಿ ತೆಗೆಯುವ ಕಡ್ಡಿಯ ವಿಷಯದಲ್ಲಿಯೂ ಇದೇ ನಿಜ. ಹೊಳ್ಳೆಯ ಬಾಯಲ್ಲಿ ಸುತ್ತಿಸಿ ತೆಗೆದ ಕಡ್ಡಿಯಲ್ಲಿ ಸಿಂಬಳ ಸಿಗುತ್ತದೆಯೇ ಹೊರತು ವೈರಾಣು ನೆಲೆಸಿದ ಜೀವಕೋಶಗಳು ಸಾಕಷ್ಟು ಸಿಗುವುದಿಲ್ಲ.

ತರಬೇತಿಯಲ್ಲಿ ಹೇಳಿಕೊಟ್ಟದ್ದು ಹೀಗಿತ್ತು. ಕುಳಿತವರ ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಬೇಕು. ಕಡ್ಡಿಯನ್ನು ಮೇಲ್ಮುಖವಾಗಿ ಕಣ್ಣಿನ ಕಡೆಗೆ ತಳ್ಳದೆ ಅಂಗುಳಕ್ಕೆ ಸಮಾನಾಂತರವಾಗಿ, ನೇರ ಹಿಂದಕ್ಕೆ, ಮೂಗಿನ ಹೊಳ್ಳೆಗೂ ಕಿವಿಗೂ ನಡುವಿನ ಅಂತರದ ಅರ್ಧದಷ್ಟು ಒಯ್ಯಬೇಕು. ಹಿಂಗೋಡೆ ತಾಗಿದ ಮೆದುವಾದ ತಡೆ ಬೆರಳಿಗೆ ತಿಳಿದ ಕೂಡಲೇ ನಿಲ್ಲಿಸಿ, ಕೆಲವು ಕ್ಷಣ ಹಾಗೆಯೇ ಹಿಡಿದು, ನಿಧಾನವಾಗಿ ತಿರುಗಿಸುತ್ತ ಹೊರತೆಗೆಯಬೇಕು. ಗಂಟಲಿನದಾದರೆ ನಾಲಗೆ, ಹಲ್ಲು, ಒಸಡುಗಳಿಗೆ ತಾಗಿಸದೆ ಟಾನ್ಸಿಲ್‌ಗಳನ್ನೂ ಹಿಂಗಂಟಲನ್ನೂ ಉಜ್ಜಬೇಕು. ಎರಡೂ ಕಡ್ಡಿಗಳನ್ನು ವಿಟಿಎಂ ಎಂಬ, ವೈರಾಣುವನ್ನು ಕೆಡದಂತೆ ಕಾಯುವ ಗುಲಾಬಿ ಬಣ್ಣದ ದ್ರಾವಣವಿದ್ದ ಒಂದೇ ಕೊಳವೆಗೆ ಇಳಿಸಿ, ಗುರುತಿನ ಗೆರೆಯ ಬಳಿ ಮುರಿದು, ಮುಚ್ಚಳ ಬಿಗಿಯಬೇಕು. ಕಡ್ಡಿ ಪ್ಲಾಸ್ಟಿಕ್ಕಿನದಾಗಿದ್ದು ತುದಿಯಲ್ಲಿ ಕೃತಕ ನೂಲೇ ಇರಬೇಕು. ಮರದ ಕಡ್ಡಿಗೆ ಹತ್ತಿ ಸುತ್ತಿದ್ದನ್ನು ಬಳಸಿದರೆ ಅದರಲ್ಲಿನ ಅಂಶಗಳೇ ಪಿಸಿಆರ್ ಕ್ರಿಯೆಗೆ ಅಡ್ಡಿಯಾಗುತ್ತವೆ.

ಓದಲು ಇದು ಸುಲಭ. ಮೇ ತಿಂಗಳ ಬಿಸಿಲಿನಲ್ಲಿ ಪಿಪಿಇ ಕಿಟ್ ಒಳಗೆ ನಿಂತು, ಬೆವರಿನ ಹಬೆಯಿಂದ ಮಸುಕಾದ ಕನ್ನಡಕದ ಮೂಲಕ ನೋಡುತ್ತ, ಎರಡು ಜೊತೆ ಕೈಗವಸು ತೊಟ್ಟ ಬೆರಳಿನಿಂದ ಆ ಮೆದುವಾದ ತಡೆಯನ್ನು ಗುರುತಿಸುವುದು ಬೇರೆಯದೇ ಕೆಲಸ. ಕೆಲವು ಕೇಂದ್ರಗಳಿಗೆ ಗಾಜಿನ ಗೂಡುಗಳು ಬಂದಿದ್ದವು. ತಂತ್ರಜ್ಞ ಒಳಗೆ ನಿಂತು, ಗಾಜಿಗೆ ಜೋಡಿಸಿದ ದಪ್ಪ ರಬ್ಬರ್ ಗವಸುಗಳಲ್ಲಿ ಕೈ ತೂರಿಸಿ ಮಾದರಿ ತೆಗೆಯುವ ವ್ಯವಸ್ಥೆ ಅದು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿತ್ತು, ಆದರೆ ಕುಳಿತವರ ಎತ್ತರಕ್ಕೆ ಗವಸು ಹೊಂದುತ್ತಿರಲಿಲ್ಲ, ಕೈಗೆ ಸೂಕ್ಷ್ಮವೂ ಸಿಗುತ್ತಿರಲಿಲ್ಲ. ಆಸ್ಪತ್ರೆಯ ಹಿಂದಿನ ಬೇವಿನ ಮರದಡಿ ಕುರ್ಚಿ ಹಾಕಿಕೊಂಡು ಮಾಡುವುದೇ ನನಗೆ ಒಳ್ಳೆಯದೆನಿಸಿತು. ಗಾಳಿಯಾಡುವ ಬಯಲಿನಲ್ಲಿ ಸೋಂಕು ತಗಲುವ ಅಪಾಯವೂ ಮುಚ್ಚಿದ ಕೋಣೆಗಿಂತ ಕಡಿಮೆ.

ಕಡ್ಡಿಗಿಂತ ಕಠಿಣವಾಗಿದ್ದದ್ದು ಎದುರಿಗೆ ಕುಳಿತವರ ಅಂಜಿಕೆ. ಕಡ್ಡಿ ಮಿದುಳಿಗೆ ತಾಗುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಹಳ್ಳಿಹಳ್ಳಿಗೆ ಮುಟ್ಟಿತ್ತು. “ಮಿದುಳಿಗಿ ಹತ್ತತದಂತಲ್ರೀ ಸಾಹೇಬ್ರ, ಖರೇನ?” ಎಂದು ಮುದುಕಿಯೊಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೇಳಿದ್ದರು. “ಇಲ್ಲ ಆಯಿ, ಮೂಗಿನ ಹಿಂದ ಹೋಗಿ ನಿಲ್ತದ. ನೀವು ಮನಸಿನಾಗ ಹತ್ತು ಎಣಿಸ್ರಿ, ಅಷ್ಟರಾಗ ಮುಗೀತದ” ಎಂದು ಹೇಳಿದೆ. ಅವರು ಜೋರಾಗಿಯೇ ಎಣಿಸತೊಡಗಿದರು. ಎಣಿಸುತ್ತಿರುವವರು ಉಸಿರು ಬಿಗಿಹಿಡಿಯುವುದಿಲ್ಲ, ತಲೆ ಹಿಂದಕ್ಕೆ ಎಳೆದುಕೊಳ್ಳುವುದೂ ಕಡಿಮೆ. ಅಂದಿನಿಂದ ಮೂಗಿನ ಮಾದರಿ ತೆಗೆಯುವಾಗ ಎಲ್ಲರಿಗೂ ಎಣಿಸಲು ಹೇಳುವುದು ನನ್ನ ರೂಢಿಯಾಯಿತು. ಕೆಮ್ಮು ಬರುವವರಿದ್ದರೆ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲುತ್ತಿದ್ದೆ. ಬಾಯಿಯ ಮಾಸ್ಕ್ ತೆಗೆಸದೆ ಮೂಗಿನಿಂದಷ್ಟೇ ಕೆಳಗಿಳಿಸಿದರೆ ಅರ್ಧ ಅಪಾಯ ಅಲ್ಲಿಯೇ ತಪ್ಪುತ್ತಿತ್ತು.

ನಿಜವಾದ ಭಯ ಕಡ್ಡಿಯದೂ ಆಗಿರಲಿಲ್ಲ. ಪಾಸಿಟಿವ್ ಬಂದರೆ ಓಣಿಗೆ ಆಂಬುಲೆನ್ಸ್ ಬರುತ್ತದೆ, ಮನೆಯ ಮುಂದೆ ತಗಡು ಬಡಿಯುತ್ತಾರೆ, ಹಾಲಿನವನು ಹಾಲು ಹಾಕುವುದಿಲ್ಲ ಎಂಬ ಅಂಜಿಕೆ ಅದು. ಮೊದಲ ತಿಂಗಳುಗಳಲ್ಲಿ ರೋಗಿಗಳಿಗೆ ಸರ್ಕಾರದ ಬುಲೆಟಿನ್‌ನಲ್ಲಿ ಪಿ ಅಕ್ಷರದ ಜೊತೆ ಸಂಖ್ಯೆ ಕೊಡಲಾಗುತ್ತಿತ್ತು. ಹೆಸರಿಲ್ಲದಿದ್ದರೂ ವಯಸ್ಸು, ಊರು, ಎಲ್ಲಿಂದ ಬಂದವರು ಎಂಬುದಿಷ್ಟು ಇದ್ದರೆ ಹಳ್ಳಿಯಲ್ಲಿ ಯಾರೆಂದು ತಿಳಿಯಲು ಹೊತ್ತು ಬೇಕಿರಲಿಲ್ಲ. ಹೀಗಾಗಿ ಜ್ವರ ಇದ್ದವರು ಮಾತ್ರೆ ನುಂಗಿ ಬಂದು ಜ್ವರವಿಲ್ಲ ಎನ್ನುತ್ತಿದ್ದರು. ಅವರನ್ನು ಪರೀಕ್ಷೆಗೆ ಕರೆತಂದ ಶ್ರೇಯಸ್ಸೆಲ್ಲ ಆಶಾ ಕಾರ್ಯಕರ್ತೆಯರದು. ಯಾರ ಮನೆಯಲ್ಲಿ ಯಾರು ಕೆಮ್ಮುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು, ಬೈಗುಳ ತಿಂದೂ ಅವರು ಬಾಗಿಲು ತಟ್ಟುತ್ತಿದ್ದರು.

2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ವಲಸೆ ಕಾರ್ಮಿಕರು ಹಿಂದಿರುಗಿದಾಗ ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಗಳಲ್ಲಿ ಮಾದರಿಗಳ ಸಂಖ್ಯೆ ಒಮ್ಮೆಲೇ ಏರಿತು. ಆಳಂದ ಗಡಿ ತಾಲ್ಲೂಕು, ಆಚೆಗೆ ಅಕ್ಕಲಕೋಟೆ, ಉಮರ್ಗಾ. ಮುಂಬೈ, ಪುಣೆಗಳಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ತಾಂಡಾಗಳ ಜನ ಮಕ್ಕಳುಮರಿಗಳೊಂದಿಗೆ ಶಾಲೆ, ಹಾಸ್ಟೆಲ್‌ಗಳ ಕ್ವಾರಂಟೈನ್ ಕೇಂದ್ರಗಳಿಗೆ ಬಂದಿಳಿದರು. ಮಾದರಿ ತೆಗೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಹೆಸರು ಬರೆಯುವ ಕೆಲಸ. ಪ್ರತಿಯೊಬ್ಬರಿಗೂ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎಸ್‌ಆರ್‌ಎಫ್ ಎಂಬ ಮಾದರಿ ವಿವರದ ನಮೂನೆಯನ್ನು ಮೊಬೈಲ್ ಆ್ಯಪ್‌ನಲ್ಲಿ ತುಂಬಿ, ಫೋನಿಗೆ ಬಂದ ಒಟಿಪಿ ಹಾಕಿದರೆ ಮಾತ್ರ ಸಂಖ್ಯೆ ಸಿಗುತ್ತಿತ್ತು. ಕುಟುಂಬಕ್ಕೆಲ್ಲ ಒಂದೇ ಫೋನು, ಅದೂ ಚಾರ್ಜ್ ಇಲ್ಲದೆ ಆರಿರುತ್ತಿತ್ತು. ಮೇಲಾಗಿ ಒಂದೇ ತಾಂಡಾದಲ್ಲಿ ಅದೇ ಹೆಸರು, ಅದೇ ರಾಠೋಡ ಎಂಬ ಅಡ್ಡಹೆಸರು, ವಯಸ್ಸೂ ಹೆಚ್ಚುಕಡಿಮೆ ಒಂದೇ ಇರುವ ಹಲವರು ಸಾಲಿನಲ್ಲಿ ನಿಂತಿರುತ್ತಿದ್ದರು. ವರದಿ ಬಂದಾಗ ಆಂಬುಲೆನ್ಸ್ ಹತ್ತಬೇಕಾದವರು ಯಾರು ಎಂಬ ಪ್ರಶ್ನೆಗೆ ಆ ಹೆಸರೊಂದೇ ಉತ್ತರ ಕೊಡುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ಸರಳವಾಗಿತ್ತು. ಕೊಳವೆಯ ಮೇಲಿನ ಚೀಟಿಯಲ್ಲಿ ಹೆಸರು, ವಯಸ್ಸು, ಎಸ್‌ಆರ್‌ಎಫ್ ಸಂಖ್ಯೆಗಳ ಜೊತೆಗೆ ತಂದೆ ಅಥವಾ ಗಂಡನ ಹೆಸರಿನ ಮೊದಲಕ್ಷರವನ್ನೂ ತಾಂಡಾದ ಹೆಸರನ್ನೂ ಬರೆದೆ. ಅದೇ ಸಂಖ್ಯೆಯನ್ನು ಚಿಕ್ಕ ಚೀಟಿಯಲ್ಲಿ ಬರೆದು ಅವರ ಕೈಗೂ ಕೊಟ್ಟೆ. ಚೀಟಿ ಅಂಟಿಸದ ಕೊಳವೆಯ ಮುಚ್ಚಳ ತೆರೆಯಬಾರದು, ಒಬ್ಬರ ಮಾದರಿ ತೆಗೆದು ಮುಚ್ಚಳ ಬಿಗಿಯುವವರೆಗೆ ಇನ್ನೊಬ್ಬರ ಕೊಳವೆ ಮೇಜಿಗೆ ಬರಬಾರದು ಎಂಬ ನಿಯಮ ಮಾಡಿಕೊಂಡೆ. ಸ್ಯಾನಿಟೈಸರ್ ತಗುಲಿದರೆ ಬಾಲ್‌ಪೆನ್ನಿನ ಬರಹ ಹರಡುತ್ತದೆ, ಹಾಗಾಗಿ ಚೀಟಿಯ ಮೇಲೆ ಪಾರದರ್ಶಕ ಟೇಪ್ ಅಂಟಿಸುತ್ತಿದ್ದೆವು. ನೋಡಿದವರಿಗೆ ಇದು ಅತಿಯೆನಿಸಬಹುದು, ಆದರೆ ಚೀಟಿ ಓದಲಾಗದ ಕೊಳವೆಯನ್ನು ಲ್ಯಾಬ್‌ನವರು ಪರೀಕ್ಷಿಸದೆ ತಿರಸ್ಕರಿಸುತ್ತಿದ್ದರು, ಮತ್ತು ಆ ಮನುಷ್ಯನ ಕ್ವಾರಂಟೈನ್ ಸುಮ್ಮನೆ ಮುಂದುವರಿಯುತ್ತಿತ್ತು.

ಸಾಗಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಾದರಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಕೊಳವೆ, ಅದರ ಸುತ್ತ ಹೀರುವ ಕಾಗದ, ಸೋರದ ಚೀಲ, ಹೊರಗೆ ಐಸ್ ಪ್ಯಾಕ್ ತುಂಬಿದ ಪೆಟ್ಟಿಗೆ, ಹೀಗೆ ಮೂರು ಪದರ. ಕಲಬುರಗಿಗೆ ನಲವತ್ತು ಕಿಲೋಮೀಟರ್ ಆಸುಪಾಸಿನ ದಾರಿ ದೊಡ್ಡದೇನಲ್ಲ, ಆದರೆ 42 ಡಿಗ್ರಿ ಬಿಸಿಲಿನಲ್ಲಿ ನಿಲ್ಲಿಸಿದ ಜೀಪಿನೊಳಗೆ ಪೆಟ್ಟಿಗೆ ಇಟ್ಟು ಚಾಲಕ ಊಟಕ್ಕೆ ಹೋದರೆ ಬೆಳಗಿನಿಂದ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆಯೇ.

ಕೈಚಳಕದ ಮಾತಿಗೆ ಪುರಾವೆ ಸಿಕ್ಕಿದ್ದು ಲ್ಯಾಬಿನಿಂದಲೇ. ಆರ್‌ಟಿ-ಪಿಸಿಆರ್‌ನಲ್ಲಿ ವೈರಾಣುವಿನ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎಗೆ ಪರಿವರ್ತಿಸಿ, ಅದರ ಕೆಲವು ಗೊತ್ತಾದ ಭಾಗಗಳನ್ನು ಆವರ್ತನೆಯಿಂದ ಆವರ್ತನೆಗೆ ದುಪ್ಪಟ್ಟುಗೊಳಿಸುತ್ತಾರೆ. ಎಷ್ಟನೆಯ ಆವರ್ತನೆಯಲ್ಲಿ ಅದು ಗೋಚರವಾಯಿತೋ ಅದೇ ಸಿಟಿ ಮೌಲ್ಯ. ಸಂಖ್ಯೆ ಕಡಿಮೆಯಿದ್ದಷ್ಟೂ ಮಾದರಿಯಲ್ಲಿ ವೈರಾಣು ಹೆಚ್ಚು. ಐಸಿಎಂಆರ್ 35ನ್ನು ಮಿತಿಯಾಗಿ ಇಟ್ಟಿತ್ತು, ಅದನ್ನು ಮೀರಿದರೆ ನೆಗೆಟಿವ್. ಇದರ ಜೊತೆಗೆ ಹಲವು ಕಿಟ್‌ಗಳು ಮನುಷ್ಯನದೇ ಆದ ಒಂದು ಜೀನನ್ನೂ ಹುಡುಕುತ್ತವೆ. ಅದೂ ಕಾಣಿಸದಿದ್ದರೆ ಒಂದೋ ಪರೀಕ್ಷೆ ಕೆಟ್ಟಿದೆ, ಇಲ್ಲವೇ ಕಡ್ಡಿಯಲ್ಲಿ ಜೀವಕೋಶಗಳೇ ಬಂದಿಲ್ಲ. ಅಂಥ ಮಾದರಿಗೆ ನೆಗೆಟಿವ್ ಎಂದು ಬರೆಯುವಂತಿಲ್ಲ, ಮತ್ತೆ ತೆಗೆಯಬೇಕು. ಯಾವ ಕೇಂದ್ರದಿಂದ ಇಂಥವು ಹೆಚ್ಚು ಬರುತ್ತಿವೆ ಎಂಬುದನ್ನು ನೋಡಿದರೆ ಅಲ್ಲಿನ ಕೈ ಹೇಗಿದೆ ಎಂಬುದು ತಿಳಿದುಬಿಡುತ್ತದೆ. ಗುರಿ ಮುಟ್ಟಿಸಲೆಂದು ಸಂಜೆ ಗಡಿಬಿಡಿಯಲ್ಲಿ ತೆಗೆದ ಮಾದರಿಗಳೇ ಹೆಚ್ಚಾಗಿ ಹೀಗೆ ಹಿಂದಿರುಗುತ್ತಿದ್ದವು. ಇಂತಿಷ್ಟು ಮಾದರಿ ಆಗಲೇಬೇಕೆಂಬ ದಿನದ ಗುರಿ ಪರೀಕ್ಷೆಯ ಗುಣಮಟ್ಟಕ್ಕೆ ಮಾಡಿದ ಹಾನಿಯನ್ನು ಯಾರೂ ಅಳೆದಿಲ್ಲವೆಂದೇ ನನ್ನ ದೂರು.

ರ‍್ಯಾಪಿಡ್ ಆ್ಯಂಟಿಜೆನ್ ಕಿಟ್‌ಗೆ ಐಸಿಎಂಆರ್ 2020ರ ಜೂನ್ 14ರಂದು ಅನುಮತಿ ಕೊಟ್ಟ ಮೇಲೆ ಹಳ್ಳಿಯಲ್ಲಿಯೇ ಅರ್ಧ ಗಂಟೆಯೊಳಗೆ ಫಲಿತಾಂಶ ಹೇಳುವಂತಾಯಿತು. ಅದರ ಗುಣದೋಷಗಳನ್ನು ಅನುಮತಿಪತ್ರದಲ್ಲಿಯೇ ಬರೆದಿತ್ತು. ಸೋಂಕಿಲ್ಲದವರನ್ನು ಸೋಂಕಿತರೆಂದು ಅದು ಹೇಳುವುದು ತೀರ ಅಪರೂಪ, ಆದರೆ ನೂರು ಸೋಂಕಿತರಲ್ಲಿ ಸುಮಾರು 50ರಿಂದ 84 ಜನರನ್ನಷ್ಟೇ ಅದು ಹಿಡಿಯುತ್ತದೆ. ಆದ್ದರಿಂದಲೇ ಲಕ್ಷಣವಿದ್ದೂ ನೆಗೆಟಿವ್ ಬಂದವರಿಗೆ ಆರ್‌ಟಿ-ಪಿಸಿಆರ್ ಕಡ್ಡಾಯವೆಂದು ಹೇಳಲಾಗಿತ್ತು. ಒಂದೇ ಗೆರೆ, ಅಂದರೆ ನೆಗೆಟಿವ್, ಕಂಡ ಕೂಡಲೇ ಎದ್ದು ಹೊರಡುವವರನ್ನು ಕೂರಿಸಿ ಎರಡನೆಯ ಕಡ್ಡಿಗೆ ಒಪ್ಪಿಸುವುದು ದೊಡ್ಡ ಸಾಹಸ. “ಒಮ್ಮಿ ಇಲ್ಲಂದ ಮ್ಯಾಲ ಮತ್ಯಾಕ್ರೀ?” ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೆಮ್ಮು ಇದ್ದವರಿಗೆ ಮೊದಲೇ ಎರಡೂ ಪರೀಕ್ಷೆಗಳ ಬಗ್ಗೆ ಹೇಳಿ, ಆ್ಯಂಟಿಜೆನ್ ನೆಗೆಟಿವ್ ಬಂದರೆ ಕುರ್ಚಿಯಿಂದ ಏಳುವ ಮೊದಲೇ ವಿಟಿಎಂಗೆ ಬೇರೆ ಮಾದರಿ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿ ಚೆನ್ನಾಗಿ ನಡೆಯಿತು.

ದಿನದ ಲೆಕ್ಕವೂ ಅಷ್ಟೇ ಮುಖ್ಯ. ನಿನ್ನೆ ಮದುವೆಯಲ್ಲಿ ಸೋಂಕಿತರ ಪಕ್ಕ ಊಟಕ್ಕೆ ಕುಳಿತವರು ಇಂದೇ ಓಡಿ ಬಂದು ಪರೀಕ್ಷೆ ಮಾಡಿಸಿ, ನೆಗೆಟಿವ್ ವರದಿ ಹಿಡಿದು ಊರೆಲ್ಲ ತಿರುಗುತ್ತಿದ್ದರು. ವೈರಾಣು ಮೂಗಿನಲ್ಲಿ ಬೆಳೆದು ಪರೀಕ್ಷೆಗೆ ಸಿಗುವಷ್ಟಾಗಲು ಕೆಲವು ದಿನ ಬೇಕು. ಅದಕ್ಕಾಗಿಯೇ ಲಕ್ಷಣವಿಲ್ಲದ ನೇರ ಸಂಪರ್ಕಿತರನ್ನು ಸಂಪರ್ಕದ 5ರಿಂದ 10ನೆಯ ದಿನದೊಳಗೆ ಪರೀಕ್ಷಿಸಬೇಕೆಂಬ ಸೂಚನೆ ಇತ್ತು. ನಾನು ಅಂಥವರಿಗೆ ದಿನಾಂಕ ಬರೆದುಕೊಟ್ಟು ಮನೆಯಲ್ಲಿಯೇ ಇದ್ದು ಆ ದಿನ ಬರಲು ಹೇಳುತ್ತಿದ್ದೆ. ಕೆಲವರು ಸಿಟ್ಟಾಗಿ ದುಡ್ಡು ಕೊಟ್ಟು ಖಾಸಗಿಯಲ್ಲಿ ಮಾಡಿಸಿಕೊಂಡರು.

2021ರ ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆಯಲ್ಲಿ ಈ ಶಿಸ್ತೆಲ್ಲ ಸಡಿಲವಾಯಿತು. ಲ್ಯಾಬ್‌ಗಳಲ್ಲಿ ಮಾದರಿ ರಾಶಿ ಬಿದ್ದು ವರದಿ ದಿನಗಟ್ಟಲೆ ತಡವಾಗತೊಡಗಿದಾಗ, ಉಸಿರು ಕಟ್ಟಿದವರು ವರದಿಗೆ ಕಾಯದೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಮಾಡಿಸಿ 25ಕ್ಕೆ ಎಷ್ಟು ಸ್ಕೋರ್ ಬಂತೆಂದು ಹೇಳಿಕೊಂಡು ಹಾಸಿಗೆ ಹುಡುಕಿದರು. ಆ ದಿನಗಳಲ್ಲಿ ನಾನು ಕುರ್ಚಿಯ ಪಕ್ಕ ಪಲ್ಸ್ ಆಕ್ಸಿಮೀಟರ್ ಇಟ್ಟುಕೊಂಡಿದ್ದೆ. ಕಡ್ಡಿಗಿಂತ ಮೊದಲು ಬೆರಳಿಗೆ ಅದನ್ನು ಹಾಕಿ, 94ಕ್ಕಿಂತ ಕಡಿಮೆ ಇದ್ದವರನ್ನು ಸಾಲಿನಿಂದ ತೆಗೆದು ನೇರವಾಗಿ ವೈದ್ಯರ ಬಳಿ ಕಳುಹಿಸುತ್ತಿದ್ದೆವು. ಅವರ ಮಾದರಿಯನ್ನು ಆಮೇಲೆ ಹಾಸಿಗೆಯ ಬಳಿಯೇ ತೆಗೆದೆವು.

2021ರ ಮೇ ತಿಂಗಳಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳುವ ಕಿಟ್‌ಗೂ ಅನುಮತಿ ಸಿಕ್ಕಿತು. ಅದನ್ನು ಬಳಸುವವರು ನನಗೆ ಫೋನ್ ಮಾಡಿದರೆ ಮೂರು ಪ್ರಶ್ನೆ ಕೇಳುತ್ತೇನೆ. ಕೆಮ್ಮು, ಜ್ವರ ಶುರುವಾಗಿ ಎಷ್ಟು ದಿನವಾಯಿತು? ಕಡ್ಡಿಯನ್ನು ಎರಡೂ ಹೊಳ್ಳೆಗಳಲ್ಲಿ, ಕಿಟ್‌ನ ಹಾಳೆಯಲ್ಲಿ ಹೇಳಿದಷ್ಟು ಸುತ್ತು ತಿರುಗಿಸಿದಿರಾ? ಗೆರೆಯನ್ನು ನೋಡಿದ್ದು ಹೇಳಿದ ಸಮಯಕ್ಕೋ, ಅಡುಗೆ ಮುಗಿಸಿ ಬಂದ ಮೇಲೋ? ಹೊತ್ತು ಮೀರಿದ ಮೇಲೆ ಮೂಡುವ ಎರಡನೆಯ ಮಸುಕು ಗೆರೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಹೊಸ ಕಿಟ್ ತೆಗೆಯಬೇಕು. ಸಮಯದೊಳಗೇ ಮೂಡಿದ್ದರೆ ಎಷ್ಟೇ ಮಸುಕಾಗಿದ್ದರೂ ಅದು ಪಾಸಿಟಿವ್.