ದಿ ಹೇಗ್‌ನಲ್ಲಿ ಗಾರಿಗೆ ಕರಿದ ಬಗೆ

ಪರದೇಶಕ್ಕೆ ಹೊರಟ ಮಗನಿಗೋ ಮಗಳಿಗೋ ಏನು ಕಟ್ಟಿಕೊಡಲಿ ಎಂದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಓಣಿಯ ತಾಯಂದಿರು ನನ್ನನ್ನು ಕೇಳುತ್ತಿರುತ್ತಾರೆ. ನೆದರ್ಲೆಂಡ್ಸ್‌ನ ದಿ ಹೇಗ್ ನಗರದಲ್ಲಿ ನಾನು ಹಲವು ವರ್ಷ ಸಂಸಾರ ಮಾಡಿ ಬಂದವಳು. ನಾನು ಹೇಳುವುದು ಇಷ್ಟೇ: ಡಬ್ಬಿ ತುಂಬುವ ಮೊದಲು ಯಾವ ತಿನಿಸಿಗೆ ಯಾವ ಹಿಟ್ಟು, ಎಷ್ಟು ಕಾವು ಎಂಬುದನ್ನು ಕಲಿಸಿ ಕಳುಹಿಸಿ. ಅಲ್ಲಿ ನಮ್ಮ ತಿನಿಸಿನ ಹೆಸರು ಹಿಡಿದು ಹೊರಟರೆ ಏನೂ ಸಿಗುವುದಿಲ್ಲ, ಹಿಟ್ಟು ಹಿಡಿದು ಹೊರಟರೆ ಬಹಳಷ್ಟು ಸಿಗುತ್ತದೆ.

ನನಗೆ ವಡೆ ಸಿಕ್ಕಿದ್ದು ಹಾಗೆಯೇ. ಉದ್ದಿನ ಹಿಟ್ಟು ಎಲ್ಲಿದೆ ಎಂದು ವಿಚಾರಿಸುತ್ತ ಪೌಲ್ ಕ್ರೂಗರ್‌ಲಾನ್ ರಸ್ತೆಗೆ ಹೋದೆ. ಅಲ್ಲಿನ ಅಂಗಡಿಗಳಲ್ಲಿ ಸುರಿನಾಮ್ ಮೂಲದ ಹಿಂದೂಸ್ತಾನಿಗಳು ಬಹಳ. 1873ರ ಜೂನ್ 5ರಂದು ಲಲ್ಲಾ ರೂಖ್ ಎಂಬ ಹಡಗು ಕೂಲಿಗೆ ಕರಾರು ಮಾಡಿಕೊಂಡ ಭಾರತೀಯರನ್ನು ಹೊತ್ತು ಸುರಿನಾಮ್ ಮುಟ್ಟಿತು. 1916ರವರೆಗೆ ಸುಮಾರು 34 ಸಾವಿರ ಜನ ಹಾಗೆ ಹೋದರು; ಹೆಚ್ಚಿನವರು ಇಂದಿನ ಬಿಹಾರ, ಉತ್ತರ ಪ್ರದೇಶದ ಕಡೆಯವರು. 1975ರಲ್ಲಿ ಸುರಿನಾಮ್ ಸ್ವತಂತ್ರವಾದ ಸುಮಾರಿಗೆ ಅವರ ಮಕ್ಕಳು, ಮೊಮ್ಮಕ್ಕಳಲ್ಲಿ ಅನೇಕರು ನೆದರ್ಲೆಂಡ್ಸ್‌ಗೆ ಬಂದು ನೆಲೆಸಿದರು. ಆ ಮನೆತನಗಳ ಅಡುಗೆಯಲ್ಲಿ ಬರಾ ಎಂಬ ಕರಿದ ತಿಂಡಿ ಇಂದಿಗೂ ಉಳಿದಿದೆ. ಉದ್ದಿನ ಹಿಟ್ಟಿಗೆ ತುಸು ಗೋಧಿ ಹಿಟ್ಟು, ಜೀರಿಗೆ, ಅರಿಸಿನ, ಬೆಳ್ಳುಳ್ಳಿ, ಕೆಸುವಿನಂಥ ಒಂದು ಸೊಪ್ಪನ್ನು ಸೇರಿಸಿ ಹುದುಗಿಸಿ, ನಡುವೆ ತೂತು ಮಾಡಿ ಕರಿಯುತ್ತಾರೆ. ನಮ್ಮ ವಡೆಗಿಂತ ಅಗಲ, ಒಳಗೆ ಮೆತ್ತಗೆ. ಬಿಸಿಬಿಸಿಯಾಗಿ ಚಟ್ನಿಯೊಂದಿಗೆ ತಿಂದಾಗ ಉದ್ದಿನ ರುಚಿ ನಾಲಿಗೆಗೆ ತಕ್ಷಣ ತಿಳಿಯಿತು. ಮೂರು ಖಂಡ ಸುತ್ತಿ ಬಂದರೂ ಉದ್ದು ಉದ್ದೇ ಆಗಿ ಉಳಿದಿತ್ತು. ಅದನ್ನು ಅಷ್ಟು ದೂರ ಕಾಪಾಡಿಕೊಂಡು ಬಂದ ಹೆಣ್ಣುಮಕ್ಕಳ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಡಚ್ಚರದೇ ಆದ ಕರಿದ ತಿನಿಸು ಒಲಿಬೊಲ್ಲನ್. ಚಳಿ ಶುರುವಾದಾಗ ರಸ್ತೆಬದಿಯಲ್ಲಿ ಅದರ ಗಾಡಿಗಳು ನಿಲ್ಲುತ್ತವೆ, ಡಿಸೆಂಬರ್ 31ರಂದು ಮನೆಮನೆಯಲ್ಲೂ ಅದು ಇರಲೇಬೇಕು. ಮೈದಾ, ಹಾಲು, ಯೀಸ್ಟ್, ಒಣದ್ರಾಕ್ಷಿ ಹಾಕಿದ ಉಂಡೆ, ಮೇಲೆ ಸಕ್ಕರೆ ಪುಡಿ. ಚೆನ್ನಾಗಿಯೇ ಇರುತ್ತದೆ. ಆದರೆ ಸಸ್ಯಾಹಾರಿ ಮನೆಯವರು ಕೊಳ್ಳುವ ಮೊದಲು ಎರಡು ಮಾತು ಕೇಳಬೇಕು: ಮೊಟ್ಟೆ ಇದೆಯೇ, ಯಾವುದರಲ್ಲಿ ಕರಿದಿದ್ದೀರಿ? ಪಕ್ಕದ ಬೆಲ್ಜಿಯಂನಲ್ಲಿ ಆಲೂಗಡ್ಡೆಯನ್ನು ದನದ ಕೊಬ್ಬಿನಲ್ಲಿ ಕರಿಯುವುದು ಹಳೆಯ ರೂಢಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಗಾರಿಗೆ ಮಾತ್ರ ಯಾವ ಅಂಗಡಿಯಲ್ಲೂ ಸಿಗಲಿಲ್ಲ, ಅದನ್ನು ಮನೆಯಲ್ಲೇ ಮಾಡಬೇಕು. ಅಲ್ಲಿನ ಸೂಪರ್ ಮಾರ್ಕೆಟ್ಟಿನ ಇಡಿ ಗೋಧಿ ಹಿಟ್ಟಿನಲ್ಲಿ ತವುಡು ದಪ್ಪದಪ್ಪಗೆ ಉಳಿದಿರುತ್ತದೆ. ತಟ್ಟುವಾಗ ಅಂಚು ಬಿರಿಯುತ್ತದೆ, ಎಣ್ಣೆ ಕುಡಿಯುತ್ತದೆ. ಭಾರತೀಯ ಅಂಗಡಿಯ ಚಪಾತಿ ಹಿಟ್ಟೇ ಬೇಕು. ಬೆಲ್ಲವೂ ಅಲ್ಲಿಯೇ ಸಿಗುತ್ತದೆ, ಮಹಾಲಿಂಗಪುರದ ಬೆಲ್ಲದ ಘಮ ಇಲ್ಲ ಅಷ್ಟೇ. ಇಂಡೋನೇಷ್ಯಾದ ದಿನಸಿ ಮಾರುವ ಅಂಗಡಿಗಳಲ್ಲಿ ತಾಳೆಯ ಜಾತಿಯ ಮರಗಳ ರಸದ ಬೆಲ್ಲವಿರುತ್ತದೆ. ಕಡುಗಪ್ಪು, ತುಸು ಹೊಗೆಯ ವಾಸನೆ. ಶೇಂಗಾ ಹೋಳಿಗೆಗೆ ಅದು ಒಗ್ಗುತ್ತದೆ, ಗಾರಿಗೆಗೆ ಕಬ್ಬಿನ ಬೆಲ್ಲವೇ ಸರಿ.

ಒಂದು ಬಟ್ಟಲು ಬೆಲ್ಲವನ್ನು ಅರ್ಧ ಬಟ್ಟಲು ನೀರಿನಲ್ಲಿ ಕರಗಿಸಿ ಸೋಸಿ, ಒಂದು ಚಮಚ ತುಪ್ಪ, ಏಲಕ್ಕಿ ಹಾಕುತ್ತೇನೆ. ಪಾಕ ಬರಬಾರದು, ಬೆಲ್ಲ ಕರಗಿದರೆ ಸಾಕು. ಅದು ಹಿಡಿಯುವಷ್ಟು, ಅಂದರೆ ಸುಮಾರು ಎರಡು ಬಟ್ಟಲು ಹಿಟ್ಟು, ಜೊತೆಗೆ ಒಂದು ಹಿಡಿ ಚಿರೋಟಿ ರವೆ. ಗಟ್ಟಿಯಾಗಿ ನಾದಿ ಅರ್ಧ ಗಂಟೆ ಬಿಟ್ಟರೆ ರವೆ ನೀರು ಹೀರಿಕೊಂಡು ಹಿಟ್ಟು ಹದಕ್ಕೆ ಬರುತ್ತದೆ. ಎಣ್ಣೆ ಸವರಿದ ಹಾಳೆಯ ಮೇಲೆ ತಟ್ಟಿ ಗಸಗಸೆ ಒತ್ತುತ್ತೇನೆ. ಡಚ್ ಅಂಗಡಿಯ ಗಸಗಸೆ ನೀಲಿಗಪ್ಪು ಬಣ್ಣದ್ದು. ನೋಡಲು ಬೇರೆ, ತಿನ್ನಲು ಚೆನ್ನ.

ಕಾವಿನ ವಿಷಯದಲ್ಲಿ ಡಚ್ಚರ ಮನೆಯ ವಿದ್ಯುತ್ ಕರಿಯುವ ಪಾತ್ರೆ ನನಗೆ ನಮ್ಮ ಬಾಣಲೆಗಿಂತ ಹಿಡಿಸಿತು. ಅದರಲ್ಲಿ ಕಾವನ್ನು ತಿರುಗಿಸಿ ಇಡಬಹುದು. ಒಲಿಬೊಲ್ಲನ್‌ಗೆ 180 ಡಿಗ್ರಿ ಎನ್ನುತ್ತಾರೆ. ಗಾರಿಗೆಯಲ್ಲಿ ಬೆಲ್ಲ ಬೇಗ ಕಪ್ಪಾಗುವುದರಿಂದ ನಾನು 160ರ ಆಸುಪಾಸಿನಲ್ಲಿ ಇಡುತ್ತೇನೆ. ಜಾಲರಿ ಬುಟ್ಟಿಯನ್ನು ಮೊದಲು ಎಣ್ಣೆಯಲ್ಲಿ ಇಳಿಸಿ ಆಮೇಲೆ ಗಾರಿಗೆ ಬಿಡಬೇಕು, ಇಲ್ಲದಿದ್ದರೆ ತಂತಿಗೆ ಅಂಟುತ್ತದೆ. ಕರಿದುಳಿದ ಎಣ್ಣೆಯನ್ನು ಮೋರಿಗೆ ಸುರಿಯಬಾರದು. ಬಾಟಲಿಯಲ್ಲಿ ತುಂಬಿ ಸೂಪರ್ ಮಾರ್ಕೆಟ್ಟಿನ ಬಳಿಯ ಹಳದಿ ಡಬ್ಬಿಗೆ ಹಾಕಿದರೆ ಅದರಿಂದ ಜೈವಿಕ ಇಂಧನ ಮಾಡುತ್ತಾರೆ.

ಇನ್ನು ಊರಿನಿಂದ ಕಟ್ಟಿಕೊಡುವವರಿಗೆ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ. ಆದ್ದರಿಂದ ಬೆಳಗಾವಿಯ ಕುಂದಾ, ಧಾರವಾಡದ ಪೇಡೆ ಬೇಡ. ಶಂಕರಪಾಳಿ, ಚಕ್ಕುಲಿ ಕೊಡಿ. ದುಬೈ ಕಡೆ ಹೋಗುವವರ ಡಬ್ಬಿಯಲ್ಲಿ ಗಸಗಸೆಯ ಒಂದು ಕಾಳೂ ಇರಬಾರದು, ಅಲ್ಲಿ ಅದಕ್ಕೆ ನಿಷೇಧವಿದೆ. ಅವರ ಗಾರಿಗೆಗೆ ಎಳ್ಳು ಹಚ್ಚಿ.